ಗುರುದೇವಿಯ ಹೊಟ್ಟೆ, ನೀಲಾಬಾಯಿಯ ಕೈ

ಶಹಾಬಾದಿನ ಸ್ಟೇಷನ್ ಹಿಂದಿನ ಓಣಿಯವರು ಹೊಟ್ಟೆನೋವು ಬಂದರೆ ದವಾಖಾನೆಯ ದಾರಿ ಹಿಡಿಯುತ್ತಿರಲಿಲ್ಲ, ಗುರುದೇವಿಯ ಮನೆಯ ದಾರಿ ಹಿಡಿಯುತ್ತಿದ್ದರು. ಹೊಕ್ಕುಳು ತನ್ನ ಜಾಗ ಬಿಟ್ಟು ಸರಿದರೆ ಹೊಟ್ಟೆ ನೋಯುತ್ತದೆ. ಅದಕ್ಕೆ ಬಟ್ಟಿ ಬೀಳುವುದು ಎನ್ನುತ್ತಾರೆ. ಬಿದ್ದ ಬಟ್ಟಿಯನ್ನು ಎತ್ತಿ ಕೂಡಿಸಲು ಗುರುದೇವಿಯಂಥ ಕೈ ವಾಡಿಯಿಂದ ಕಲಬುರ್ಗಿಯವರೆಗೆ ಇನ್ನೊಂದಿಲ್ಲ ಎಂದು ಓಣಿಯ ನಂಬಿಕೆ. ಗುರುದೇವಿಯ ನಂಬಿಕೆ ಅದಕ್ಕಿಂತ ಒಂದು ಗೇಣು ಹೆಚ್ಚು. ಕುಸುಬಿ ಎಣ್ಣೆ ಹಚ್ಚಿ ಹೊಕ್ಕುಳ ಸುತ್ತ ತಿಕ್ಕುವಳು, ಕಾಲಿನ ಹೆಬ್ಬೆರಳು ಹಿಡಿದು ಜಗ್ಗುವಳು. ಅದಕ್ಕೂ ಬಗ್ಗದಿದ್ದರೆ ಹೊಟ್ಟೆಯ ಮೇಲೆ ಉರಿಯುವ ಬತ್ತಿ ಇಟ್ಟು ಚೊಂಬು ಬೋರಲು ಹಾಕುವಳು. ಇದಕ್ಕೆಲ್ಲ ಯಾರಿಂದಲೂ ಒಂದು ಕಾಸು ಮುಟ್ಟಿದವಳಲ್ಲ. ಹೊಗಳಿಕೆಯನ್ನು ಮಾತ್ರ ಎಷ್ಟು ಕೊಟ್ಟರೂ ಬೇಡ ಎಂದವಳಲ್ಲ.

ಅವಳ ಮಗ ರೇವಣಪ್ಪ ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರಿ. ಕಲ್ಲಿನ ವಿಷಯ ಬಂದರೆ ಎಂಥ ಸೇಠನ ಎದುರಿಗೂ ವಾದ ಮಾಡುವವನು ಮನೆಯೊಳಗೆ ಬಾಯಿ ತೆರೆಯುತ್ತಿದ್ದುದು ತುತ್ತಿಗೆ ಮಾತ್ರ. ಸೊಸೆ ನೀಲಾಬಾಯಿ ಚಿಂಚೋಳಿ ಕಡೆಯ ಐನಾಪುರದವಳು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮಿತ. ಮೊಮ್ಮಗಳು ಲಲಿತಾಳಿಗೆ ಇಡೀ ಮನೆಗೆ ಸಾಲುವಷ್ಟು ಬಾಯಿ.

ಜಗಳ ಹತ್ತಿದ್ದು ಆ ಲಲಿತಾಳ ಹೊಟ್ಟೆಯಿಂದಲೇ. ಹೊಲದಿಂದ ಬಂದ ಹಸಿ ಶೇಂಗಾ ಉಡಿ ತುಂಬ ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದಳು. ಅಜ್ಜಿ ಎಣ್ಣೆ ತಿಕ್ಕಿ ಹೆಬ್ಬೆರಳು ಜಗ್ಗಿದಳು. ಅಜ್ಜಿ ಕೈ ತೊಳೆಯಲು ಹೋದಾಗ ತಾಯಿ ಓಮದ ಕಾಳು ಕುದಿಸಿದ ಅಜವಾನದ ನೀರು ಕುಡಿಸಿದಳು. ಸಂಜೆಯ ಹೊತ್ತಿಗೆ ಹುಡುಗಿ ಎದ್ದು ಕುಂಟೆಬಿಲ್ಲೆ ಆಡುತ್ತಿದ್ದಳು. ಮರುದಿನ ಕಟ್ಟೆಯ ಮೇಲೆ ಓಣಿಯ ಹೆಂಗಸರ ನಡುವೆ ಕುಳಿತು ಗುರುದೇವಿ ನೆರೆಮನೆಯ ಜೈತುನ್‌ಬೀಗೆ ಹೇಳಿದಳು: "ಹಿಂಗ ಕೈ ಇಟ್ಟೀನಿ ನೋಡು, ಪಟ್ಟನ ಕುಂತದ ಬಟ್ಟಿ."

"ಇಲ್ಲ ಆಯಿ, ಅವ್ವ ಅಜವಾನ ನೀರು ಕುಡಿಸ್ಯಾಳ. ಡರ್ರಂತ ತೇಗು ಬಂದು ಕಮ್ಮಿ ಆಗ್ಯಾದ," ಎಂದಳು ಲಲಿತಾ.

ಜೈತುನ್‌ಬೀ ಹೊಸ್ತಿಲಲ್ಲಿ ನಿಂತಿದ್ದ ನೀಲಾಬಾಯಿಯ ಕಡೆ ತಿರುಗಿ, "ಹೌದೇನ್ ನೀಲಾ?" ಎಂದಳು.

"ಹೌದು," ಎಂದಳು ನೀಲಾಬಾಯಿ. ಇಷ್ಟೇ ಅವಳ ಅಪರಾಧ. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಗುರುದೇವಿ ಎದ್ದು ಒಳಗೆ ಬಂದಳು.

"ನಾಲ್ಕು ಮಂದಿ ಮುಂದ ನನ್ನ ಮಾತು ಕಡೀತೀ ಏನು?"

"ಅವರು ಕೇಳಿದ್ರು, ಹೇಳೀನಿ ಅತ್ತಿ."

"ಕೇಳಿದ್ದಕ್ಕೆಲ್ಲ ಹೇಳಬೇಕಂತ ಯಾವ ಶಾಸ್ತ್ರದಾಗ ಅದ? ಮನಿ ಮಾತು ಮನ್ಯಾಗ ಇರಬೇಕು."

"ಅಜವಾನ ಕುಡಿಸಿದ್ದು ಖರೇ ಅಲ್ಲೇನ್ರಿ?"

"ಖರೇ ಅಂತ ಖರೇ! ನನ್ನ ಕೈಗೆ ಹೆಸರು ಬಂದಾಗ ನೀ ಇನ್ನಾ ತೊಟ್ಟಲಾಗ ಇದ್ದಿ."

"ಆಯ್ತು ಬಿಡ್ರಿ. ಇನ್ನ ಮ್ಯಾಲ ಮಂದಿ ಮುಂದ ನಿಮ್ಮ ಮಾತಿಗಿ ಎದುರು ಆಡಂಗಿಲ್ಲ. ಲಿಂಗದಾಣಿ." ನೀಲಾಬಾಯಿ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದಳು.

"ನನ್ನ ಸಂಗಡ ಮಾತೇ ಆಡಬ್ಯಾಡ."

"ಆಯ್ತು. ಅದನ್ನೂ ಆಡಂಗಿಲ್ಲ."

ಅವತ್ತಿನಿಂದ ಅತ್ತೆ ಸೊಸೆಗೆ ಮಾತು ನಿಂತಿತು. ಒಂದೇ ಒಲೆ, ಒಂದೇ ಬೀಸುಕಲ್ಲು, ಒಂದೇ ಹಗೇವಿನ ಜೋಳ. ಮಾತು ಮಾತ್ರ ಬೇರೆ ಬೇರೆ. ಬೀಸುವಾಗ ಇಬ್ಬರೂ ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುತ್ತಿದ್ದರು, ಮುಖ ಮಾತ್ರ ಒಬ್ಬರದು ಪೂರ್ವಕ್ಕೆ, ಒಬ್ಬರದು ಪಶ್ಚಿಮಕ್ಕೆ. ಏನಾದರೂ ಹೇಳಬೇಕಾದರೆ ಗುರುದೇವಿ ಗೋಡೆಗೆ ಹೇಳುತ್ತಿದ್ದಳು, ನೀಲಾಬಾಯಿ ಒಲೆಗೆ ಹೇಳುತ್ತಿದ್ದಳು. ಇದರ ಪೆಟ್ಟು ಬಿದ್ದದ್ದು ರೇವಣಪ್ಪನ ನಾಲಿಗೆಗೆ. ಒಂದು ದಿನ ಪುಂಡಿಪಲ್ಯ ಬಾಯಿಗಿಟ್ಟವನು ಕಣ್ಣರಳಿಸಿ ಕುಳಿತ.

"ಯವ್ವಾ, ಪಲ್ಯದಾಗ ಉಪ್ಪು..."

ಗುರುದೇವಿ ಗೋಡೆಗೆ ಹೇಳಿದಳು: "ಹಾಕ್ದವರಿಗಿ ಕೇಳು."

ನೀಲಾಬಾಯಿ ಒಲೆಗೆ ಹೇಳಿದಳು: "ಇಬ್ರೂ ಹಾಕ್ಯಾರ."

ಮರುದಿನ ಇಬ್ಬರೂ ಹಾಕಲಿಲ್ಲ. ರೇವಣಪ್ಪ ಹೊರಡುವಾಗ ಒಂದು ಚಿಟಿಕೆ ಉಪ್ಪು ಕಾಗದದಲ್ಲಿ ಕಟ್ಟಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡ. ಯಾರ ಪರ ಮಾತಾಡಿದರೂ ರಾತ್ರಿಯ ರೊಟ್ಟಿಗೆ ಸಂಚಕಾರ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೇ ವಾರಗಳು ಉರುಳಿ ಎಳ್ಳಮಾವಾಸ್ಯೆ ಬಂತು. ಆ ದಿನ ಮನೆಯಲ್ಲಿ ಉಣ್ಣುವವರು ಯಾರು? ಬಂಡಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದರು. ತೊಗರಿಯ ಸಾಲಿನ ನಡುವೆ ಕಂಬಳಿ ಹಾಸಿ ಸೊಪ್ಪು ಕಾಳು ಹಾಕಿ ಬೇಯಿಸಿದ ಭಜ್ಜಿಯ ಗಡಿಗೆ, ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ ಎಲ್ಲ ಬಿಚ್ಚಿದರು. ಗುರುದೇವಿ ಹೊಲದಲ್ಲಿ ಊಟಕ್ಕೆ ಕುಳಿತರೆ ಭಜ್ಜಿಯ ಗಡಿಗೆಯೇ ಹೆದರಬೇಕು, ಅಂಥ ಊಟ ಅವಳದು. ಆ ದಿನ ಮಾತ್ರ ಅವಳು ಕಡಬನ್ನು ಎಲೆಯ ಈ ಕಡೆಯಿಂದ ಆ ಕಡೆ ಸರಿಸಿದಳು, ಆ ಕಡೆಯಿಂದ ಮೊಮ್ಮಗಳ ಎಲೆಗೆ ಸರಿಸಿದಳು. ನೀಲಾಬಾಯಿ ಕಂಡಳು. ಏನಾಯಿತು ಎಂಬ ಮಾತು ನಾಲಿಗೆ ತುದಿಗೆ ಬಂತು. ಮಾತು ಬಿಟ್ಟವರು ಕೇಳುವುದು ಹೇಗೆ? ಮಜ್ಜಿಗೆಯ ಚೊಂಬನ್ನು ಅತ್ತೆಯ ಹತ್ತಿರ ಸರಿಸಿದಳು.

ಮರುದಿನ ಬೆಳಿಗ್ಗೆ ಗುರುದೇವಿಗೆ ಹೊಕ್ಕುಳ ಸುತ್ತ ನೋವು. "ಬಟ್ಟಿ ಬಿದ್ದಾದ," ಎಂದು ತನ್ನ ರೋಗಕ್ಕೆ ತಾನೇ ಹೆಸರಿಟ್ಟಳು. ಎಣ್ಣೆಯನ್ನೂ ತಾನೇ ಹಚ್ಚಿಕೊಂಡಳು. ಆದರೆ ತನ್ನ ಹೆಬ್ಬೆರಳನ್ನು ತಾನೇ ಜಗ್ಗಿಕೊಳ್ಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಸ್ವಲ್ಪ ಹೊತ್ತು ಒದ್ದಾಡಿ ಗೋಡೆಗೆ ಹೇಳಿದಳು: "ಯಾರರೇ ನನ್ನ ಕಾಲಿನ ಬಳ್ಳು ಜಗ್ಗಿದ್ರ ಪುಣ್ಯ ಬರ್ತದ."

ನೀಲಾಬಾಯಿ ಬಂದು ಕುಳಿತು ಜಗ್ಗಿದಳು.

"ಜರಾ ಜೋರ್‌ಲೆ," ಎಂದಳು ಗುರುದೇವಿ, ಗೋಡೆಗೆ.

ನೀಲಾಬಾಯಿ ಜೋರಾಗಿ ಜಗ್ಗಿದಳು. ಗುರುದೇವಿ "ಹಾ!" ಎಂದು ಬಲಗಾಲನ್ನು ಎಳೆದುಕೊಂಡು ಮಡಚಿಬಿಟ್ಟಳು. ಆಮೇಲೆ ಆ ಮೊಣಕಾಲು ಕೆಳಗಿಳಿಯಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ವಾಂತಿಯಾಯಿತು. ಎದ್ದು ಬಚ್ಚಲಿಗೆ ಹೋಗುವಾಗ ಮುದುಕಿ ನೆಲದ ಮೇಲೆ ಏನೋ ಹುಡುಕುವವಳ ಹಾಗೆ ಬಗ್ಗಿಕೊಂಡು, ಬಲ ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಡೆದಳು. ಬೆಳಿಗ್ಗೆ ಹೊಕ್ಕುಳ ಹತ್ತಿರವಿದ್ದ ಕೈ ಈಗ ಇಲ್ಲಿಗೆ ಬಂದಿದೆಯಲ್ಲ ಎಂದು ನೀಲಾಬಾಯಿ ಕೈಯ ಕೆಲಸ ಬಿಟ್ಟು ಎದ್ದಳು. ಅಷ್ಟರಲ್ಲಿ ರೇವಣಪ್ಪ ಊಟಕ್ಕೆ ಬಂದ.

"ಹಬ್ಬದ ಊಟ ಹೆಚ್ಚಾಗ್ಯಾದ. ಔಡಲೆಣ್ಣಿ ಕೊಡು, ಹೊಟ್ಟಿ ಹಗುರ ಆಗ್ತದ."

"ಉಂಡಿದ್ರ ಹೆಚ್ಚಾಗ್ತಿತ್ತು," ಎಂದಳು ನೀಲಾಬಾಯಿ. "ಅತ್ತಿ ನಿನ್ನಿ ಉಂಡೇ ಇಲ್ಲ."

"ಉಂಡಿಲ್ಲಂತ ಯಾರು ಹೇಳ್ಯಾರ?" ಗೋಡೆಯ ಕಡೆಯಿಂದ ದನಿ ಬಂತು.

"ಕಡಬು ಎಲ್ಲಾ ಲಲಿತಾನ ಎಲ್ಯಾಗ ಹೋಗ್ಯಾವ."

"ಹೌದಪ್ಪಾ," ಎಂದಳು ಲಲಿತಾ, "ಭಾಳ ಚೊಲೋ ಇದ್ವು."

"ಔಡಲೆಣ್ಣಿ ಕೊಡಂಗಿಲ್ಲ," ಎಂದಳು ನೀಲಾಬಾಯಿ ಗಂಡನಿಗೆ. "ಹೋಗಿ ನಾಗೇಂದ್ರಪ್ಪನ್ನ ಕರ್ಕೊಂಡು ಬರ್ರಿ. ಊಟ ಆಮ್ಯಾಗ."

ಎರಡು ತುತ್ತೂ ಉಣ್ಣದೆ ರೇವಣಪ್ಪ ಎದ್ದದ್ದು ಆ ಮನೆಯ ಚರಿತ್ರೆಯಲ್ಲಿ ಅದೇ ಮೊದಲು. ನಾಗೇಂದ್ರಪ್ಪ ಅದೇ ಓಣಿಯ ಹುಡುಗ. ಹೈದರಾಬಾದಿನಲ್ಲಿ ಡಾಕ್ಟರಕಿಯನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದ ಕಾಲ ಅದು; ಅಲ್ಲಿ ಕಲಿತು ಬಂದು ಬಜಾರದಲ್ಲಿ ದವಾಖಾನೆ ಇಟ್ಟಿದ್ದ. ಅವನ ಹೆಸರು ಕೇಳಿ ಗುರುದೇವಿ ನೋವಿನಲ್ಲೂ ಗುಡುಗಿದಳು.

"ಆ ನಾಗ್ಯಾ? ಸಣ್ಣಾಂವ ಇದ್ದಾಗ ಅವನ ಬಟ್ಟಿ ನಾ ಎತ್ತೀನಿ. ಈಗ ಅಂವ ನನ್ನ ಹೊಟ್ಟಿ ಮುಟ್ಟಬೇಕೇನು? ಗಂಡಸು!"

ನಾಗೇಂದ್ರಪ್ಪ ಬಂದ. ನಾಡಿ ನೋಡಿದ, ನಾಲಿಗೆ ನೋಡಿದ, ಕಂಕುಳಲ್ಲಿ ಕಡ್ಡಿಯಿಟ್ಟು ಜ್ವರ ನೋಡಿದ. ಮೈ ಸ್ವಲ್ಪ ಬಿಸಿ ಇತ್ತು. ನೋವು ಮೊದಲು ಎಲ್ಲಿತ್ತು, ಈಗ ಎಲ್ಲಿದೆ ಎಂದು ಕೇಳಿದ. ಗುರುದೇವಿ "ಎಲ್ಲೂ ಇಲ್ಲ" ಎಂದಳು. ಹೊಟ್ಟೆ ನೋಡಬೇಕು ಎಂದಾಗ ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು.

"ನಾ ಮುಟ್ಟಂಗಿಲ್ಲ ದೊಡ್ಡವ್ವ," ಎಂದ ಅವನು. "ನಡುವ ಒಂದು ಸೀರಿ ಕಟ್ರಿ. ನಾ ಹೊರಗ ಕುಂದರ್ತೀನಿ. ನಾ ಹೇಳ್ದಂಗ ನೀಲಾ ವೈನಿ ಕೈ ಇಡಲಿ, ಕೈಗೆ ಹತ್ತಿದ್ದು ಹೇಳಲಿ. ನಡೀತದಿಲ್ಲ?"

ಗುರುದೇವಿ ಒಂದು ಕ್ಷಣ ಯೋಚಿಸಿದಳು. ಹೊರಗೆ ಪಡಸಾಲೆಯಲ್ಲಿ ಜೈತುನ್‌ಬೀ ಮೊದಲ್ಗೊಂಡು ಅರ್ಧ ಓಣಿ ಬಂದು ಕುಳಿತಿತ್ತು. ಸೊಸೆಯೋ, ಮಂದಿಯ ಮುಂದೆ ಎದುರು ಮಾತಾಡುವುದಿಲ್ಲ ಎಂದು ಲಿಂಗದಾಣೆ ಮಾಡಿದವಳು. "ನಡೀತದ," ಎಂದಳು ಗುರುದೇವಿ.

ಬಾಗಿಲಿಗೆ ಇಳಕಲ್ ಸೀರೆ ಕಟ್ಟಿದರು. ಆ ಕಡೆ ಡಾಕ್ಟರು, ಈ ಕಡೆ ಅತ್ತೆ ಮತ್ತು ಸೊಸೆ.

"ವೈನಿ, ಕೈ ತಣ್ಣಗಿದ್ರ ತಿಕ್ಕಿ ಬಿಸಿ ಮಾಡ್ಕೋರಿ. ಎಡಗಡಿಂದ ಸುರು ಮಾಡ್ರಿ. ನೋವಿದ್ದ ಜಾಗಕ್ಕ ಕಡೀಕ ಬರ್ರಿ. ಬಳ್ಳಿನ ತುದಿಲಿಂದ ಚುಚ್ಚಬ್ಯಾಡ್ರಿ, ಅಂಗೈ ಇಡ್ರಿ. ಎಡಗಡಿ ಹ್ಯಾಂಗದ?"

"ಮೆತ್ತಗದ," ಎಂದಳು ನೀಲಾಬಾಯಿ. ನಾದಿದ ಕಣಕದ ಹಾಗೆ ಹೊಟ್ಟೆ ಕೈಗೆ ಬಗ್ಗುತ್ತಿತ್ತು.

"ಈಗ ಹೊಕ್ಕಳದಿಂದ ಬಲಗಡಿ ಟೊಂಕದ ಎಲುವಿನ ತನಕ ಒಂದು ಗೆರಿ ಅದಂತ ತಿಳ್ಕೋರಿ. ಆ ಎಲುವಿನ ಕಡಿಂದ ಮೂರರಾಗ ಒಂದು ಪಾಲು ಒಳಗ ಬರ್ರಿ. ಅಲ್ಲಿ ಕೈ ಇಡ್ರಿ. ಹ್ಯಾಂಗದ?"

"ಮೆತ್ತಗದ!" ಎಂದು ಗುರುದೇವಿಯೇ ಕೂಗಿದಳು.

"ದೊಡ್ಡವ್ವ, ನಾ ವೈನಿಗೆ ಕೇಳ್ಲಿಕತ್ತೀನಿ."

ನೀಲಾಬಾಯಿ ಇನ್ನೊಮ್ಮೆ ಕೈ ಇಟ್ಟು ನೋಡಿದಳು. ಅಂಗೈ ಕೆಳಗೆ ಹೊಟ್ಟೆ ಹಲಗೆಯಂತೆ ಬಿಗಿದು ನಿಂತಿತ್ತು. ಅತ್ತೆ ಬೇಕೆಂದು ಬಿಗಿಹಿಡಿದಿದ್ದಾಳೋ ಎಂದು ಮುಖ ನೋಡಿದಳು. ಅತ್ತೆ ಉಸಿರು ಬಿಟ್ಟರೂ ಹೊಟ್ಟೆ ಸಡಿಲಲಿಲ್ಲ.

"ಇರಲಿ. ಈಗ ಎಡಗಡಿ ಒತ್ರಿ, ಬಲಗಡಿ ನೂಸ್ತದೇನು ನೋಡ್ರಿ."

ನೀಲಾಬಾಯಿ ಎಡಗಡೆ ಒತ್ತಿದಳು. ಗುರುದೇವಿಯ ಕೈ ತಾನಾಗಿಯೇ ಬಲಗಡೆಗೆ ಹೋಯಿತು.

"ಈಗ ಬಲಗಡಿ ಸಾವಕಾಶ ಒತ್ರಿ. ಒತ್ತಿ ಹಿಡೀರಿ. ಆಮ್ಯಾಗ ಕೈ ಜಲ್ದಿ ತೆಗೀರಿ. ಒಮ್ಮಿನೇ ಸಾಕು."

ಒತ್ತುವಾಗ ಗುರುದೇವಿ ಸೆರಗು ಕಚ್ಚಿ ತಡೆದುಕೊಂಡಳು. ಕೈ ತೆಗೆದದ್ದೇ ತಡ, ಅವಳ ಕಣ್ಣಲ್ಲಿ ಬಳಬಳ ನೀರು ಬಂತು. ಸೊಸೆಯ ಮಣಿಕಟ್ಟನ್ನು ಬಳೆ ನೆಗ್ಗುವಂತೆ ಹಿಡಿದುಕೊಂಡಳು.

"ಏನಾಯ್ತು ವೈನಿ?"

ಗುರುದೇವಿ ಸೊಸೆಯ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು: "ಏನೂ ಇಲ್ಲ ಅನ್ನು. ಮೆತ್ತಗದ ಅನ್ನು."

"ಯಾಕ್ರಿ ಅತ್ತಿ?"

"ಕೊಯ್ಯಬೇಕಂತಾನ ಅಂವ. ಹೊಟ್ಟಿ ಕೊಯ್ಸಿಕೊಂಡು ಬಂದಕಿ ಕೈಗೆ ಓಣ್ಯಾಗ ಯಾರು ಹೊಟ್ಟಿ ಕೊಡ್ತಾರ? ತನ್ನದೇ ಎತ್ಲಿಕ್ಕ ಬರ್ಲಿಲ್ಲ ಅಂತ ನಗ್ತಾರ. ಮಾತು ಕೊಟ್ಟೀ ನೀ. ಲಿಂಗದಾಣಿ ಮಾಡೀ."

ಇಷ್ಟು ವಾರಗಳ ಮೇಲೆ ಅತ್ತೆ ನೇರ ತನಗೇ ಆಡಿದ ಮೊದಲ ಮಾತು ಸುಳ್ಳು ಹೇಳು ಎಂಬುದು. ನೀಲಾಬಾಯಿಗೆ ಸಿಟ್ಟು, ಹೆದರಿಕೆ, ಅಳು ಎಲ್ಲ ಒಟ್ಟಿಗೇ ಬಂದವು. ಆ ಮನೆಯಲ್ಲಿ ಕಾಲಿಟ್ಟಾಗಿನಿಂದ ಎಂದೂ ಎತ್ತದ ದನಿ ಎತ್ತಿದಳು.

"ನಾಗೇಂದ್ರಪ್ಪಾ, ಅತ್ತಿ ಸುಳ್ಳು ಹೇಳ್ಲಿಕತ್ತಾರ! ಬಲಗಡಿ ಹೊಟ್ಟಿ ಫರಸಿ ಆಗ್ಯಾದ. ಎಡಗಡಿ ಒತ್ತಿದ್ರ ಬಲಗಡಿ ನೂಸ್ತದ. ಒತ್ತಿದ್ದು ತಡ್ಕೋತಾರ, ಕೈ ತೆಗೆದ್ರ ಜೀವ ಹೋಗ್ತದ. ಮುಂಜಾನಿಂದ ಬಲಗಾಲು ಚಾಚಿಲ್ಲ. ನಿನ್ನಿಂದ ಉಂಡಿಲ್ಲ!"

ಪಡಸಾಲೆಯವರೆಲ್ಲ ಸೀರೆಯ ಕಡೆ ಕತ್ತು ಚಾಚಿದರು.

"ನನ್ನ ಮನ್ಯಾಗ!" ಎಂದಳು ಗುರುದೇವಿ. "ನಾಲ್ಕು ಮಂದಿ ಮುಂದ!"

"ನಾಲ್ಕಲ್ರಿ, ನಾನೂರು ಮಂದಿ ಮುಂದ ಹೇಳ್ತೀನಿ. ಆಣಿ ಮುರುದ ಪಾಪ ನನಗ ಇರಲಿ. ನೀವ ಇಲ್ದಿದ್ರ ನಾ ಯಾರ ಸಂಗಡ ಮಾತು ಬಿಡ್ಲಿ?"

ಹೀಗೆ ಹೇಳಿ ನೀಲಾಬಾಯಿ ಗೊಳೋ ಎಂದು ಅತ್ತಳು. ಗುರುದೇವಿ ಅವಳ ಮಣಿಕಟ್ಟು ಬಿಡಲಿಲ್ಲ, ಆದರೆ ಹಿಡಿತ ಸಡಿಲಾಯಿತು. "ಅಳಬ್ಯಾಡ, ನನ್ನ ಹೊಟ್ಟಿ ಅಳ್ಳಾಡ್ತದ," ಎಂದಳು.

ಸೀರೆಯ ಆಚೆಯಿಂದ ನಾಗೇಂದ್ರಪ್ಪ ಬಿಡಿಸಿ ಹೇಳಿದ. ಕರುಳಿಗೆ ಬೆರಳಿನಷ್ಟು ಒಂದು ಬಾಲ ಇರುತ್ತದೆ. ಅದು ಬಾತಿದೆ. ಅಪೆಂಡಿಸೈಟಿಸ್ ಎನ್ನುತ್ತಾರೆ. ಒಡೆದರೆ ಕೀವು ಹೊಟ್ಟೆ ತುಂಬ ಹರಡುತ್ತದೆ, ಆಮೇಲೆ ಯಾರ ಕೈಯಲ್ಲೂ ಏನೂ ಇಲ್ಲ. "ತಿಕ್ಕೂದು ಬ್ಯಾಡ, ಔಡಲೆಣ್ಣಿ ಬ್ಯಾಡ, ನೀರು ಸುದ್ದಾ ಬ್ಯಾಡ. ಔಡಲೆಣ್ಣಿ ಕುಡಿಸದಿದ್ದದ್ದು ಭಾಳ ಚೊಲೋ ಮಾಡೀರಿ. ಮುಂದಿನ ಗಾಡಿಗೇ ಕಲಬುರ್ಗಿ ದೊಡ್ಡ ದವಾಖಾನಿಗಿ ಹೋಗಮು. ನಾನೂ ಬರ್ತೀನಿ."

ಟಾಂಗಾದಲ್ಲಿ ಕುಲುಕಾಡಿಸುವುದು ಬೇಡವೆಂದು ಗುರುದೇವಿಯನ್ನು ಹೊರಸಿನ ಮೇಲೆ ಮಲಗಿಸಿಯೇ ಸ್ಟೇಷನ್ನಿಗೆ ಹೊತ್ತರು. ಮುಂದೆ ರೇವಣಪ್ಪ ಮತ್ತು ಜೈತುನ್‌ಬೀಯ ಮಗ ಬಷೀರಾ, ಹಿಂದೆ ಓಣಿಯ ಇನ್ನಿಬ್ಬರು. "ಬಷೀರಾ, ನಿನ್ನ ಕಡಿ ಜಗ್ಲಿಕತ್ತದ, ಎತ್ತಿ ಹಿಡಿ," ಎಂದು ದಾರಿಯುದ್ದಕ್ಕೂ ಮಲಗಿದಲ್ಲಿಂದಲೇ ಹುಕುಂ ಕೊಟ್ಟಳು. ಅದನ್ನು ಕೇಳಿ ನೀಲಾಬಾಯಿಗೆ ಜೀವ ಬಂದಂತಾಯಿತು.

ಕಲಬುರ್ಗಿಯಲ್ಲಿ ದೊಡ್ಡ ಡಾಕ್ಟರು ತಾವೂ ಪರೀಕ್ಷೆ ಮಾಡಿ, ನಾಗೇಂದ್ರಪ್ಪ ಹೇಳಿದ್ದೇ ಸರಿ ಎಂದರು. ಕೊಯ್ಯುವ ಮುಂಚೆ ಕೊರಳಿನ ಲಿಂಗ ತೆಗೆಯಬೇಕು ಎಂದಾಗ ಮತ್ತೊಂದು ಯುದ್ಧವಾಯಿತು. ಕಡೆಗೆ ಲಿಂಗವನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ಎಡ ಮುಂಗೈಗೆ ಕಟ್ಟಿದ ಮೇಲೆಯೇ ಗುರುದೇವಿ ಒಪ್ಪಿದಳು. ಹೊರಗೆ ರೇವಣಪ್ಪ ಕಂಬಕ್ಕೆ ಒರಗಿ ನಿಂತಿದ್ದ. ನೀಲಾಬಾಯಿ ನೆಲದ ಮೇಲೆ ಕುಳಿತು ಬಸವಣ್ಣನನ್ನು ನೆನೆಯುತ್ತ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದಳು. ಆ ಕೈಗೆ ಹತ್ತಿದ್ದು ತಪ್ಪಾಗಿದ್ದರೆ ಏನು ಗತಿ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ದೊಡ್ಡ ಡಾಕ್ಟರು ಹೊರಗೆ ಬಂದು, "ವೇಳ್ಯಾಕ್ಕ ತಂದೀರಿ. ಇನ್ನ ಜರಾ ತಡ ಆಗಿದ್ರ ಒಡೀತಿತ್ತು," ಎಂದರು. ರೇವಣಪ್ಪ ಅಲ್ಲಿಯೇ ಅವರ ಕಾಲಿಗೆ ಬಿದ್ದ. ಕ್ಲೋರೋಫಾರಂನ ಅಮಲು ಇಳಿಯುವಾಗ ಗುರುದೇವಿ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು: "ನೀಲಾ, ಪಲ್ಯಕ್ಕ ಉಪ್ಪು ನಾ ಹಾಕೀನಿ. ನೀ ಹಾಕಬ್ಯಾಡ." ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ, ನಕ್ಕು, ಕಣ್ಣೊರೆಸಿಕೊಂಡರು.

ದವಾಖಾನೆಯಲ್ಲಿದ್ದಷ್ಟು ದಿನ ಗುರುದೇವಿ ಸೊಸೆಯ ಕೈಯ ಗಂಜಿಯನ್ನೇ ಕುಡಿದಳು, ಗಂಜಿ ಸಪ್ಪಗಿದೆ ಎಂದು ದಿನವೂ ಜಗಳ ತೆಗೆದಳು. ಮಾತು ಬಿಟ್ಟ ವಾರಗಳಲ್ಲಿ ಉಳಿದ ಮಾತೆಲ್ಲ ಇಬ್ಬರೂ ಬಡ್ಡಿ ಸಮೇತ ಆಡಿ ತೀರಿಸಿದರು.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ ಅವಳ ಕಥಾಪ್ರಸಂಗ. ನಡೆದದ್ದನ್ನು ಅರ್ಧ ಓಣಿ ಕಿವಿಯಾರೆ ಕೇಳಿದ್ದರೂ ಮಾತಾಡಿಸಲು ಬಂದವರಿಗೆಲ್ಲ ಒಂದೊಂದು ಬಗೆ. ಒಬ್ಬರಿಗೆ, "ನನಗ ಮೊದ್ಲೇ ಗೊತ್ತಿತ್ತು, ಇದು ಬಟ್ಟಿ ಅಲ್ಲಂತ." ಇನ್ನೊಬ್ಬರಿಗೆ, "ನಾಗ್ಯಾನ್ನ ನಾನೇ ಕರಕಳಿಸೀನಿ." ರೇವಣಪ್ಪನಿಗೆ ಕೇಳಿ ಕೇಳಿ ಮೈ ಉರಿಯಿತು.

"ಖರೇ ಏನಾಗ್ಯಾದ ಅಂತ ನೀ ಹೇಳಬಾರ್ದೇನು?" ಎಂದು ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಗೊಣಗಿದ.

"ಅತ್ತಿ ಮಾತಾಡ್ಲಿಕತ್ತಾರಲ್ಲ, ಅಷ್ಟು ಸಾಕು ಬಿಡ್ರಿ. ಏನರೇ ಹೇಳ್ಕೊಳ್ಲಿ," ಎಂದು ನೀಲಾಬಾಯಿ ನಕ್ಕಳು.

ಒಂದು ದಿನ ಬೆಳಿಗ್ಗೆ ಜೈತುನ್‌ಬೀ ತನ್ನ ಸೊಸೆ ಸೈದಾನಬಿಯನ್ನು ಕರೆದುಕೊಂಡು ಬಂದಳು. ಹುಡುಗಿ ಹೊಟ್ಟೆ ಹಿಡಿದುಕೊಂಡಿದ್ದಳು. ಗುರುದೇವಿ ಕೊಯ್ಸಿಕೊಂಡು ಬಂದ ಮೇಲೆ ಅವಳ ಕೈಗೆ ಬಂದ ಮೊದಲ ಹೊಟ್ಟೆ ಅದು. ಏನಾಗುವುದೋ ನೋಡೋಣ ಎಂದು ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ನೆರೆದರು. ಗುರುದೇವಿಗೆ ಕಣ್ಣು ತುಂಬಿ ಬಂತು. ಯಾರೂ ನಗಲಿಲ್ಲ, ಕೈ ಬೇಡ ಎನ್ನಲಿಲ್ಲ. ಎಣ್ಣೆಯ ಬಟ್ಟಲು ಹತ್ತಿರ ತೆಗೆದುಕೊಂಡಳು, ಹುಡುಗಿಯನ್ನು ಮಲಗಿಸಿದಳು, ಕೈ ಚಾಚಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಯಾಕ ಆಯಿ?" ಎಂದಳು ಜೈತುನ್‌ಬೀ.

"ಮೊದ್ಲ ನನ್ನ ಸೊಸಿ ನೋಡ್ಲಿ," ಎಂದಳು ಗುರುದೇವಿ, ಎಲ್ಲರಿಗೂ ಕೇಳುವಂತೆ. "ಹೊಟ್ಟಿ ಮೆತ್ತಗದ ಅಂತ ಅಕಿ ಅಂದ್ರ ನಾ ಬಟ್ಟಿ ಎತ್ತತೀನಿ. ಗಟ್ಟಿ ಅದ ಅಂದ್ರ ನಾಗೇಂದ್ರಪ್ಪನ ಕಡಿ ನಡೀರಿ. ನಾ ನಿಮ್ಗ ಹೇಳಿದ್ದೆಲ್ಲ ಸುಳ್ಳು. ನನ್ನ ಜೀವ ಉಳಿಸಿದ್ದು ಅಕಿ ಕೈ. ಸುಳ್ಳು ಹೇಳಂತ ನಾನೇ ಕೈ ಹಿಡ್ಕೊಂಡು ಹೇಳೀನಿ, ಅಕಿ ಹೇಳಿಲ್ಲ."

ಓಣಿಯ ಹೆಂಗಸರು ಬಾಯಿ ಬಿಟ್ಟುಕೊಂಡು ಕುಳಿತರು. ಒಳಗೆ ಉಣ್ಣುತ್ತಿದ್ದ ರೇವಣಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು. ಅವಳ ಮುಖ ಕೆಂಪಾಗಿತ್ತು.

"ಅತ್ತಿ, ರೊಟ್ಟಿ ಹಂಚಿನ ಮ್ಯಾಲ ಅದ..."

"ಸುಡ್ಲಿ ಬಿಡು," ಎಂದಳು ಗುರುದೇವಿ, ತನ್ನ ಪಕ್ಕದಲ್ಲಿ ಜಾಗ ಮಾಡುತ್ತ. "ಕೈ ತೊಳ್ಕೊಂಡು ಬಾ."